ಹಗೇವಿಗೆ ಬಂದ ಹಿಂಗಾರಿ

ದಿನಕ್ಕೆ ಮೂವತ್ತೇಳು ಸೆಕೆಂಡಿನಷ್ಟು ಹಗಲನ್ನು ನಾನು ಕದಿಯುತ್ತಿದ್ದೆ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಹೊಲದ ಮೇಲಿನ ದೀಪಗಳನ್ನು ನಿನ್ನೆಗಿಂತ ನಾಲ್ಕೈದು ಉಸಿರಿನಷ್ಟು ತಡವಾಗಿ ಹಚ್ಚುವುದು, ನಾಲ್ಕೈದು ಉಸಿರಿನಷ್ಟು ಮುಂಚೆ ತಗ್ಗಿಸುವುದು. ಊರಲ್ಲಿದ್ದಾಗ ಈ ಕೆಲಸವನ್ನು ಭೂಮಿ ತಾನೇ ಮಾಡಿಕೊಳ್ಳುತ್ತಿತ್ತು. ಇಲ್ಲಿ ಅದಕ್ಕೊಬ್ಬ ಆಳು ಬೇಕಾಯಿತು, ಆ ಆಳು ನಾನು.

ಇಲ್ಲಿ ಎಂದರೆ ಚಂದ್ರನ ನೆಲದಡಿ. ಯಾವುದೋ ಕಾಲದಲ್ಲಿ ಕಾದ ಲಾವಾ ಹರಿದುಹೋಗಿ ಟೊಳ್ಳಾಗಿ ಉಳಿದ ಉದ್ದನೆಯ ಸುರಂಗ. ಎರಡೂ ಬಾಯಿ ಮುಚ್ಚಿ, ಒಳಗೆ ಗಾಳಿ ತುಂಬಿ, ಇನ್ನೂರ ಹತ್ತು ಜನರನ್ನು ಇಟ್ಟಿದ್ದರು. ಕಾಗದದ ಮೇಲೆ ಅದಕ್ಕೆ ಯಾರ ಬಾಯಲ್ಲೂ ಹಿಡಿಸದ ಹೆಸರಿತ್ತು. ವಿಜಯಪುರದ ಕಡೆಯ ನಾವು ಏಳೆಂಟು ಮಂದಿ ಅದನ್ನು ಹಗೇವು ಎಂದೆವು. ನಮ್ಮಲ್ಲಿ ನೆಲ ಅಗೆದು ಜೋಳ ತುಂಬಿಡುವ ಗುಂಡಿಗೆ ಹಾಗೆನ್ನುತ್ತಾರೆ. ಆರು ತಿಂಗಳಲ್ಲಿ ತಮಿಳರೂ ಬಂಗಾಳಿಗಳೂ ಹಗೇವು ಎನ್ನತೊಡಗಿದರು. ಹಗೇವು ಎಂದಮೇಲೆ ಒಳಗೆ ಜೋಳ ಇರಬೇಕಲ್ಲ? ಇರಲಿಲ್ಲ. ಈ ಕತೆ ಇರುವುದೇ ಅದಕ್ಕೆ.

ನಾನು ದಸ್ತಗೀರ ನದಾಫ, ಇಂಡಿ ತಾಲ್ಲೂಕಿನವನು. ಮದುವೆ ಮನೆಗಳಿಗೆ ಬಣ್ಣದ ಲೈಟಿನ ಸರ ಕಟ್ಟುತ್ತಿದ್ದೆ. ಕೆಟ್ಟ ಮೋಟರು, ಇನ್ವರ್ಟರು, ಸೋಲಾರ್ ಹಲಗೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಕಲಿತವನು. ಚಂದ್ರನಿಗೆ ಹೋಗುವವರನ್ನು ಆರಿಸುವಾಗ ಪದವಿ ಇದ್ದವರು ಬೇಕಾದಷ್ಟು ಸಿಕ್ಕರಂತೆ. ಕಣ್ಣುಮುಚ್ಚಿ ಬೆರಳಿನಿಂದಲೇ ಸುಟ್ಟ ತಂತಿ ಹುಡುಕುವವರು ಸಿಗಲಿಲ್ಲವಂತೆ. ಹಾಗೆ ಬಂದವನು ಹಗೇವಿನ ಬೆಳಕಿನ ಕೋಣೆಯಲ್ಲಿ ಕೂತೆ.

ಮೊದಲ ವರ್ಷ ನನಗೆ ಕೆಲಸವೇ ಇರಲಿಲ್ಲ. ಹದಿನಾರು ತಾಸು ಬೆಳಕು, ಎಂಟು ತಾಸು ಕತ್ತಲು, ದಿನವೂ ಅದೇ. ಸೆಕೆಯಿಲ್ಲ, ಚಳಿಯಿಲ್ಲ. ಇಷ್ಟು ಸುಖ ಎಂದುಕೊಂಡು ಬಂದ ಜನ ನಾಲ್ಕೇ ತಿಂಗಳಲ್ಲಿ ಚಡಪಡಿಸತೊಡಗಿದರು. ಒಬ್ಬರಿಗೆ ನಿದ್ದೆ ಬರುತ್ತಿರಲಿಲ್ಲ, ಇನ್ನೊಬ್ಬರಿಗೆ ಎಚ್ಚರವಾಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ಒಂದು ಸೌಟಿಗಾಗಿ ಇಬ್ಬರು ಎಂಜಿನಿಯರರು ಕೈಕೈ ಹಿಡಿದು ಜಗ್ಗಾಡಿದರು. ಓಣಿಯ ಈ ತುದಿಯಿಂದ ಆ ತುದಿಗೆ ಸುಮ್ಮನೆ ನಡೆಯುವವರು ಹೆಚ್ಚಾದರು. ಏನಾಗಿದೆ ಎಂದು ಕೇಳಿದರೆ ಯಾರಿಗೂ ಹೇಳಲು ಬರುತ್ತಿರಲಿಲ್ಲ. ನನಗನ್ನಿಸುವುದು ಇಷ್ಟು: ಕಾಯಲು ಏನೂ ಇರಲಿಲ್ಲ. ಊರಲ್ಲಾದರೆ ಮಳೆ ಬರಲಿ ಎಂದು ಕಾಯುತ್ತೇವೆ, ಬಂದಮೇಲೆ ಹೋಗಲಿ ಎಂದು ಕಾಯುತ್ತೇವೆ. ಬೈಯಲಿಕ್ಕಾದರೂ ಒಂದು ಬಿಸಿಲು ಬೇಕು ಮನುಷ್ಯನಿಗೆ.

ಎಲ್ಲರಿಗಿಂತ ಹೆಚ್ಚು ಚಡಪಡಿಸಿದವಳು ದಾನಕ್ಕ. ದಾನಮ್ಮ ಬಿರಾದಾರ, ನಮ್ಮ ಪಕ್ಕದೂರಿನವಳು, ವಯಸ್ಸು ಐವತ್ತಾರು. ಹಗೇವಿನ ಹೊಲ ಅವಳ ಕೈಯಲ್ಲಿತ್ತು. ಹೊಲವೆಂದರೆ ನಲವತ್ತು ಹೆಜ್ಜೆ ಉದ್ದ, ಹದಿನೈದು ಹೆಜ್ಜೆ ಅಗಲ, ಚಂದ್ರನ ಪುಡಿಮಣ್ಣಿಗೆ ಗೊಬ್ಬರ ಬೆರೆಸಿ ಮಾಡಿದ ಮಡಿ. ಅಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯಬೇಕೆಂದೇ ಅವಳನ್ನು ಕರೆಸಿದ್ದರು. ಅವಳ ಮಗಳು ಶಿವಲೀಲಾ ಮೊದಲೇ ಇಲ್ಲಿ ನೀರು ಶುದ್ಧಮಾಡುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದಳು. ಅಳಿಯ ಗಣಿಯ ಕಡೆ ಹೋದರೆ ಹದಿನೈದು ದಿನ ಬರುತ್ತಿರಲಿಲ್ಲ.

ಮೊದಲ ಬಿತ್ತಿಗೆಯ ಜೋಳ ಬಿದಿರಿನಂತೆ ಬೆಳೆಯಿತು. ಚಂದ್ರನ ಸೆಳೆತ ಕಡಿಮೆ, ಬೆಳಕು ಧಾರಾಳ. ಹನ್ನೆರಡು ಅಡಿ, ಹದಿನಾಲ್ಕು ಅಡಿ. ಜನ ಬಂದು ಫೋಟೋ ತೆಗೆದುಕೊಂಡರು. ದಾನಕ್ಕ ಮಾತ್ರ ಒಂದು ದಂಟನ್ನು ಹಿಡಿದು ಅಲುಗಿಸಿ ಹೇಳಿದಳು: “ಎತ್ತರ ತುಗೊಂಡು ಏನ್ ಮಾಡ್ಲಿ ತಮ್ಮಾ? ತೆನಿ ಎಲ್ಲಿ? ಇದು ಬರೇ ಮೀಸಿ ತಿರುವೂ ಗಂಡಸು.”

ತೆನೆ ಬರಲೇ ಇಲ್ಲ.

ಹಗೇವಿನಲ್ಲಿ ಗಾಳಿಪಟ್ಟಿ ಎಂಬುದೊಂದಿತ್ತು. ಪ್ರತಿಯೊಬ್ಬರ ಹೆಸರು, ಹೆಸರಿನ ಮುಂದೆ ಅವರ ಕೆಲಸ. ಕೆಲಸವಿಲ್ಲದವರ ಉಸಿರಿಗೆ ಇಲ್ಲಿ ಗಾಳಿಯಿಲ್ಲ. ಅದು ಕ್ರೌರ್ಯವಲ್ಲ, ಯಂತ್ರಗಳ ಮಿತಿ. ದಾನಕ್ಕನ ಹೆಸರಿನ ಮುಂದೆ ‘ಜೋಳ’ ಎಂದಿತ್ತು. ಮೂರು ಬಿತ್ತಿಗೆಯಲ್ಲಿ ತೆನೆ ಕಾಣದಿದ್ದರೆ ಮಡಿಯಲ್ಲಿ ಬಟಾಟಿ, ಬೆಳೆಗಾರ್ತಿ ಮುಂದಿನ ನೌಕೆಯಲ್ಲಿ ಊರಿಗೆ. ಈ ನಿಯಮವನ್ನು ನೋಡಿಕೊಳ್ಳುತ್ತಿದ್ದವರು ಇಡೀ ಹಗೇವಿನ ಹೊಣೆ ಹೊತ್ತ ಮೃಣಾಲಿನಿ ಬಾಯಾರು (ಮೇಡಂ ಎನ್ನುವುದಕ್ಕೆ ನಮ್ಮ ಕಡೆ ಬಾಯಾರು ಎನ್ನುತ್ತಾರೆ), ಧಾರವಾಡದವರು. ಒಳ್ಳೆಯವರೇ. ಆದರೆ ಇನ್ನೂರ ಹತ್ತು ಜನರ ಉಸಿರು ತಲೆಯ ಮೇಲಿದ್ದರೆ ಒಳ್ಳೆಯವರ ಮುಖವೂ ಬಿಗಿಯುತ್ತದೆ.

ಎರಡನೆಯ ಬಿತ್ತಿಗೆ ಹಾಳಾದದ್ದು ನನ್ನ ಜಾಣತನದಿಂದ. ದಾನಕ್ಕ “ಇದಕ್ಕ ಚಳಿಗಾಲ ಬೇಕೋ” ಎಂದಳು. ಚಳಿಗಾಲ ಎಂದರೇನು ಎಂದು ನನಗೆ ಗೊತ್ತಿತ್ತಲ್ಲ! ಸೂರ್ಯ ದೂರ ಹೋಗುತ್ತಾನೆ, ಅದಕ್ಕೇ ಚಳಿ. ದೀಪಗಳ ಕಾವನ್ನು ಕಾಲುಪಾಲು ತಗ್ಗಿಸಿದೆ, ಹೊಲಕ್ಕೆ ತಣ್ಣನೆಯ ಗಾಳಿ ಬಿಟ್ಟೆ. ಹದಿನಾರು ತಾಸು ಮಾತ್ರ ಹಾಗೇ ಬಿಟ್ಟೆ. ಜೋಳ ಸೊರಗಿ ಹಳದಿಯಾಯಿತು. ಸೊರಗುತ್ತಲೇ ಎಲೆ ಬಿಟ್ಟಿತು, ತೆನೆ ಬಿಡಲಿಲ್ಲ.

ಮೃಣಾಲಿನಿ ಬಾಯಾರು ಬೆಳಕಿನ ಕೋಣೆಗೆ ಬಂದು ನನ್ನ ವಾದ ಕೇಳಿ, ನಗು ತಡೆದುಕೊಂಡು ಹೇಳಿದರು: “ದಸ್ತಗೀರ್, ಸೂರ್ಯ ಭೂಮಿಗೆ ಭಾಳ ಹತ್ತಿರ ಇರೋದು ಯಾವಾಗ ಗೊತ್ತದ ಏನು? ಜನವರಿ ಮೊದಲನೇ ವಾರ. ನೀವು ಕಂಬಳಿ ಹೊದ್ದು ಕೂಡೋ ಹೊತ್ತಿನಾಗ.”

“ಹಂಗಾದ್ರ ಚಳಿ ಯಾಕ್ರಿ?”

“ಒಂದು ಬಿತ್ತಿಗೆ ಉಳದದ. ಹುಡುಕ್ರಿ,” ಎಂದು ಅವರು ಹೋದರು.

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅದೇ ವಾರ ಶಿವಲೀಲಾ ಬಸುರಿ ಎಂದು ತಿಳಿಯಿತು. ಹೆರಿಗೆ ಫೆಬ್ರವರಿಯ ಕೊನೆಗೆ. ನೌಕೆ ಹೊರಡುವುದು ಸಂಕ್ರಮಣದ ಮರುದಿನ. ಚೊಚ್ಚಲ ಬಾಣಂತನ, ಹಗೇವಿನಲ್ಲಿ ಹುಟ್ಟುವ ಮೊದಲ ಕೂಸು. ಹೆರಿಗೆಗೆ ಆರು ವಾರ ಮೊದಲು ತಾಯಿಯನ್ನು ಮೂರು ಲಕ್ಷ ಎಂಬತ್ತು ಸಾವಿರ ಕಿಲೋಮೀಟರ್ ಆಚೆ ಕಳಿಸುತ್ತಾರೆ. ಎರಡು ಮಡಿ ಜೋಳ ಹೋದಾಗ ಬೈದು ಸುಮ್ಮನಾಗಿದ್ದ ದಾನಕ್ಕ ಈಗ ಬೈಯಲೂ ಇಲ್ಲ. ಮಡಿಯ ಸುತ್ತ ನಡೆದಳು. ಕೂತಳು, ಎದ್ದಳು, ಮತ್ತೆ ನಡೆದಳು.

ನಮ್ಮ ಸುರಂಗದ ಮೇಲೊಂದು ಕಿಂಡಿಯಿದೆ, ನೂರಾ ಎಂಟು ಮೆಟ್ಟಿಲು ಹತ್ತಬೇಕು. ಅಲ್ಲಿಂದ ಭೂಮಿ ಕಾಣುತ್ತದೆ. ಚಂದ್ರನ ಈ ಮಗ್ಗುಲಿನ ಆಕಾಶದಲ್ಲಿ ಭೂಮಿ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಮೊಳೆಗೆ ನೇತುಹಾಕಿದ ಹಾಗೆ ಒಂದೇ ಕಡೆ. ಊರಲ್ಲಿ ಅಮಾವಾಸ್ಯೆಯಾದ ದಿನ ಇಲ್ಲಿ ಭೂಮಿಯ ಹುಣ್ಣಿಮೆ. ನಾನು ಅಮಾವಾಸ್ಯೆಗೊಮ್ಮೆ ಹತ್ತಿ ನೋಡುತ್ತಿದ್ದೆ. ಮನೆಯ ನೆನಪಿಗೆ, ಬೇರೇನಕ್ಕೂ ಅಲ್ಲ. ಜೂನ್ ತಿಂಗಳ ಅಮಾವಾಸ್ಯೆಗೆ ಭೂಮಿಯ ನೆತ್ತಿಯ ಬಿಳುಪು ಪೂರ್ತಿ ಕಾಣುತ್ತಿತ್ತು, ತಲೆಬಾಗಿ ನಮಸ್ಕಾರ ಮಾಡಿದವರ ಬೋಳುತಲೆಯಂತೆ. ಸೆಪ್ಟೆಂಬರಿನಲ್ಲಿ ನೋಡಿದರೆ ನೆತ್ತಿ ಅಂಚಿಗೆ ಸರಿದಿತ್ತು. ಹೋದ ವರ್ಷ ಡಿಸೆಂಬರಿನಲ್ಲಿ ತೆಗೆದ ಫೋಟೋ ಹುಡುಕಿದೆ. ಅದರಲ್ಲಿ ನೆತ್ತಿಯೇ ಇಲ್ಲ. ಕೆಳಗಿನ ಬಿಳುಪು, ಪಾದದ ಕಡೆಯದು, ಫಳಫಳ ಹೊಳೆಯುತ್ತಿದೆ.

ಭೂಮಿ ತಲೆಯಾಡಿಸುತ್ತದೆಯೇ? ಅಷ್ಟು ದೊಡ್ಡದು?

ಮೆಟ್ಟಿಲುಗಳನ್ನು ಎಂಟೆಂಟರಂತೆ ಹಾರಿಕೊಂಡು ಇಳಿದು (ಇಲ್ಲಿ ಅದು ಕಷ್ಟವಲ್ಲ) ದಾನಕ್ಕನ ಮನೆಗೆ ಹೋದೆ. ಅವಳು ಬಟಾಟಿ ಹಿಟ್ಟಿನ ರೊಟ್ಟಿ ಬಡಿಯುತ್ತಿದ್ದಳು. ಹಗೇವಿನಲ್ಲಿ ರೊಟ್ಟಿ ಬಡಿದರೆ ಅದು ಮೇಲೆ ಹಾರುತ್ತದೆ. ಒಂದು ಕೈ ಬಡಿಯಲು, ಒಂದು ಕೈ ಹಿಡಿಯಲು.

“ಅಕ್ಕಾ, ನೀ ತಂದಿದ್ದ ಇಂಡಿ ಲಿಂಬಿಕಾಯಿ ಇನ್ನಾ ಅದಾವೇನು?”

“ಒಂದ ಒಂದು ಅದ. ಒಣಗಿ ಕಲ್ಲಾಗೇದ. ಯಾಕ?”

ಆ ಲಿಂಬೆಗೆ ಒಂದು ದಬ್ಬಣ ಚುಚ್ಚಿದೆ. ಕೋಣೆಯ ನಡುವೆ ಒಂದು ದೀಪ ಇಟ್ಟೆ. ಶಿವಲೀಲಾಳ ಕೈಗೆ ಲಿಂಬೆ ಕೊಟ್ಟು, “ದಬ್ಬಣ ಸ್ವಲ್ಪ ವಾಲಿಸಿ ಹಿಡಿ. ಅದರ ತುದಿ ಯಾವಾಗ್ಲೂ ಆ ಉಪ್ಪಿನ ಡಬ್ಬಿ ಕಡೆನೇ ಇರಬೇಕು. ಇನ್ನ ದೀಪದ ಸುತ್ತ ಒಂದು ಸುತ್ತು ಬಾ” ಎಂದೆ.

“ಬಸುರಿ ಕೈಲೆ ಭೂಮಿ ಹೊರಸ್ತೀಯಲ್ಲ ಮಾಮಾ,” ಎನ್ನುತ್ತ ಅವಳು ಸುತ್ತತೊಡಗಿದಳು.

ಉಪ್ಪಿನ ಡಬ್ಬಿಯ ಕಡೆ ನಿಂತಾಗ ಲಿಂಬೆಯ ತಲೆ ದೀಪದಿಂದ ಆಚೆ ವಾಲಿತ್ತು. ಎದುರುಬದಿಗೆ ಬಂದಾಗ, ಅದೇ ವಾಲು, ಅದೇ ದಿಕ್ಕು, ತಲೆ ದೀಪದ ಕಡೆ ಬಾಗಿತ್ತು. ಲಿಂಬೆ ತಲೆಯಾಡಿಸಿರಲಿಲ್ಲ. ಅದು ತನ್ನ ಹಟಕ್ಕೆ ಒಂದೇ ಕಡೆ ವಾಲಿಕೊಂಡಿತ್ತು. ಜಾಗ ಬದಲಾಗಿತ್ತು, ಅಷ್ಟೆ. ಲಿಂಬೆಯ ಮೇಲ್ಭಾಗದಲ್ಲಿ ನಾನು ಮಸಿಯಿಂದ ಇಂಡಿಗೊಂದು ಚುಕ್ಕೆ ಇಟ್ಟಿದ್ದೆ. ಲಿಂಬೆ ಬುಗುರಿಯಂತೆ ತಿರುಗಿದರೆ, ತಲೆ ಬಾಗಿದ ಕಡೆ ಚುಕ್ಕೆ ಹೆಚ್ಚು ಹೊತ್ತು ಬೆಳಕಿನಲ್ಲಿರುತ್ತಿತ್ತು, ಬೆಳಕೂ ನೆಟ್ಟಗೆ ಬೀಳುತ್ತಿತ್ತು. ಆಚೆ ವಾಲಿದ ಕಡೆ ಬೆಳಕು ಓರೆ, ಕತ್ತಲು ಉದ್ದ.

“ದೂರ ಅಲ್ಲಕ್ಕಾ, ವಾಲು! ಇಪ್ಪತ್ಮೂರೂವರಿ ಡಿಗ್ರಿ ವಾಲು! ಈ ಚಂದ್ರನಿಗೆ ಅದಿಲ್ಲ, ಒಂದೂವರಿ ಡಿಗ್ರಿ ಅದ, ಇದ್ದೂ ಇಲ್ಲದಂಗ. ಅದಕ್ಕ ಇವಗ ಋತು ಇಲ್ಲ.”

ದಾನಕ್ಕ ಹಾರಿದ ರೊಟ್ಟಿಯನ್ನು ಹಿಡಿದುಕೊಂಡು ಹೇಳಿದಳು: “ಅಂದ್ರ ನೆಟ್ಟಗ ನಿಂತವ್ರ ಕೈಲೆ ಏನೂ ಬೆಳ್ಯೂದಿಲ್ಲ ಅನ್ನು. ತಲಿ ಬಾಗಬೇಕು.”

ಮಹಾನವಮಿ ಮುಗಿದಮೇಲೆ ಮೂರನೆಯ ಬಿತ್ತಿಗೆ. ಈ ಸಲ ನಾನು ಹೊಲದ ದೀಪಗಳಿಗೆ ಇಂಡಿಯ ಸೂರ್ಯನನ್ನೇ ಕಟ್ಟಿದೆ. ಅಲ್ಲಿ ಯಾವ ನಿಮಿಷಕ್ಕೆ ಬೆಳಗೋ ಇಲ್ಲಿಯೂ ಅದೇ ನಿಮಿಷಕ್ಕೆ. ಅಕ್ಟೋಬರಿನ ಮೊದಲಲ್ಲಿ ಹನ್ನೆರಡು ತಾಸಿಗೆ ತುಸು ಕಡಿಮೆಯಿದ್ದ ಹಗಲು, ಡಿಸೆಂಬರಿನ ಕೊನೆಗೆ ಹನ್ನೊಂದು ತಾಸಿಗೆ ಬರಬೇಕು. ದಿನಕ್ಕೆ ಮೂವತ್ತೇಳು ಸೆಕೆಂಡು. ನಡುಹಗಲಿನಲ್ಲೂ ಬೆಳಕು ನೆತ್ತಿಯಿಂದ ಬೀಳದಂತೆ ದೀಪದ ಸಾಲನ್ನು ತಿಂಗಳಿಗಿಷ್ಟು ದಕ್ಷಿಣದ ಗೋಡೆಯ ಕಡೆ ವಾಲಿಸಿದೆ. ಕತ್ತಲನ್ನು ಕತ್ತಲಾಗಿಯೇ ಇಟ್ಟೆ. ಚಾವಣಿಯ ದೀಪಗಳಿಗೆ ಕಣ್ಣಿಟ್ಟ ಬೆಳಕಿನ ಮಾಪಕ ಇರುಳಿಡೀ ಸೊನ್ನೆ ತೋರಿಸುವುದನ್ನು ನೋಡಿ ಬೀಗುತ್ತಿದ್ದೆ.

ಅದರ ಫಲ ಮೊದಲು ಜನರ ಮೇಲೆ ಕಂಡಿತು. ಹೊಲದಲ್ಲಿ ಸಂಜೆಯಾಗುತ್ತದಂತೆ ಎಂದು ಸುದ್ದಿ ಹರಡಿತು. ಐದೂಮುಕ್ಕಾಲಿಗೆ ಮಡಿಯ ಬದಿಗೆ ಬಂದು ಕೂರುವವರು ಹತ್ತಾದರು, ಮೂವತ್ತಾದರು. ನವೆಂಬರಿನಲ್ಲಿ ಸೌಟಿನ ಜಗಳದ ಎಂಜಿನಿಯರ ಒಬ್ಬ ನನ್ನನ್ನು ಕೇಳಿದ: “ನದಾಫ್ ಸಾಹೇಬ್ರ, ಸಂಜಿ ಯಾಕೋ ಲಗೂನೇ ಆಗ್ಲಿಕತ್ತದಲ್ಲ?” ಅವನ ಮುಖದಲ್ಲಿ ಏನೋ ಬರಲಿದೆ ಎಂಬ ಕಳೆ ಇತ್ತು. ಹಗೇವಿನಲ್ಲಿ ಆ ಕಳೆಯನ್ನು ನಾನು ಅದೇ ಮೊದಲು ನೋಡಿದ್ದು.

ಇದಕ್ಕೆಲ್ಲ ಮೊದಲು, ಬಿತ್ತಿದ ದಿನವೇ, ದಾನಕ್ಕ ಚಂದ್ರನ ಐದು ಕಲ್ಲು ಆರಿಸಿ, ತೊಳೆದು, ಸುಣ್ಣ ಬಳಿದು ಮಡಿಯ ನಡುವೆ ಸಾಲಾಗಿ ಇಟ್ಟಿದ್ದಳು. ನಮ್ಮ ಕಡೆ ಹಿಂಗಾರಿ ಹೊಲದಲ್ಲಿ ಹಾಗೆ ಪಾಂಡವರನ್ನು ಕೂರಿಸುತ್ತಾರೆ. “ಇವ್ರ ಮುಂದ ದೀಪ ಬೇಕು. ಸುಗ್ಗಿ ಆಗೂತನಾ ಆರಬಾರದು, ಬೇಡಿಕೊಂಡೀನಿ. ಇಲ್ಲಿ ಬೆಂಕಿ ಹಚ್ಚಾಕ ಬಾಯಾರು ಬಿಡೂದಿಲ್ಲ. ನೀ ಒಂದು ಮಾಡಿಕೊಡೋ ತಮ್ಮಾ.” ಊರಿಂದ ನೆನಪಿಗೆಂದು ತಂದಿದ್ದ ಮದುವೆ ಮನೆಯ ಲೈಟಿನ ಸರ ನನ್ನ ಪೆಟ್ಟಿಗೆಯಲ್ಲಿತ್ತು. ಅದರ ಇಪ್ಪತ್ತೊಂದು ಕೆಂಪು ಬಲ್ಬು ಬಿಚ್ಚಿ ಗೊಂಚಲು ಕಟ್ಟಿ, ಬ್ಯಾಟರಿ ಜೋಡಿಸಿ, ಒಂದು ಕೋಲಿನ ಮೇಲೆ ನಿಲ್ಲಿಸಿಕೊಟ್ಟೆ. ಬೆಳೆ ಎತ್ತರವಾದಂತೆ ಅವಳು ದೀಪವನ್ನೂ ಎತ್ತರಿಸುತ್ತ ಹೋದಳು, ಎಲ್ಲರಿಗೂ ಕಾಣಲಿ ಎಂದು.

ನವೆಂಬರ್ ಮುಗಿಯಿತು. ತೆನೆಯಿಲ್ಲ. ಡಿಸೆಂಬರ್ ಹತ್ತು. ತೆನೆಯಿಲ್ಲ. ಎಲೆಯ ಮೇಲೆ ಎಲೆ, ಹತ್ತಡಿ ದಾಟಿದ ದಂಟು. ನಾನು ಲೆಕ್ಕಗಳನ್ನು ಮತ್ತೆ ಮತ್ತೆ ತೆಗೆದು ನೋಡಿದೆ. ಎಲ್ಲ ಸರಿ. ಶಿವಲೀಲಾ ತನಗೆ ಸೀತನಿ ತಿನ್ನಬೇಕೆನಿಸಿದೆ ಎಂದು ಒಂದೇ ಸಲ ಹೇಳಿದ್ದಳು. ಹಾಲುಗಾಳಿನ ಜೋಳದ ತೆನೆ ಸುಟ್ಟು ಉಜ್ಜಿದರೆ ಸಿಗುವ ಹಸಿರು ಕಾಳು ಅದು. ಆಮೇಲೆ ತಾಯಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ನೌಕೆಯಲ್ಲಿ ದಾನಕ್ಕನ ಆಸನಕ್ಕೆ ನಂಬರು ಬಂತು. ಹದಿನೇಳು.

ಎಳ್ಳ ಅಮಾವಾಸ್ಯೆ ಬಂತು. ನಮ್ಮಲ್ಲಿ ಅಂದು ಊರಿಗೆ ಊರೇ ಹೊಲಕ್ಕೆ ಹೋಗಿ ಉಣ್ಣುತ್ತದೆ; ಉಣ್ಣುವ ಮುಂಚೆ ಬುತ್ತಿಯ ಅಡುಗೆಯನ್ನು ಹೊಲದ ನಾಲ್ಕೂ ಬದಿಗೆ ಚೆಲ್ಲುತ್ತ ಸುತ್ತುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ತೆನೆಯಿಲ್ಲದ ಹೊಲಕ್ಕೆ ಚರಗವೇ ಎಂದು ಯಾರೋ ಕೇಳಿದರು. ದಾನಕ್ಕ, “ಭೂಮಿ ಬಸುರಿ ಅಂತ ಉಣಸ್ತೀವಿ. ಹಡದ ಮ್ಯಾಲೆ ಉಣಸಾಕ ಬರ್ತದೇನು?” ಎಂದಳು. ಮಧ್ಯಾಹ್ನ ನೂರು ಜನ ಸೇರಿದರು. ಬಟಾಟಿ ಭರ್ತ, ಪೊಟ್ಟಣದ ಕಡಲೆಯ ಕಡಬು, ಶಿವಲೀಲಾ ಅಡಗಿಸಿಟ್ಟಿದ್ದ ಶೇಂಗಾ ಹಿಂಡಿ. ಮೃಣಾಲಿನಿ ಬಾಯಾರೂ ಬಂದು ಒಂದು ಮೂಲೆಯಲ್ಲಿ ನಿಂತರು.

“ಹುಲ್ಲುಲ್ಲಿಗೋ…” ಎಂದು ದಾನಕ್ಕ ಚರಗದ ಕೂಗು ಹಾಕಿದಳು. “ಚಲ್ಲಂಬರಿಗೋ…” ಎಂದೆವು ನಾವು. ಅವಳು ಊರಿನ ರಭಸದಲ್ಲೇ ಕೈಬೀಸಿ ಚರಗ ಎಸೆದಳು. ಅದು ಊರಿನ ಕೈ. ನೆಲ ಮಾತ್ರ ಚಂದ್ರನದು. ಕಡಬಿನ ಚೂರು, ಭರ್ತದ ಉಂಡೆ ಎಲ್ಲ ನಿಧಾನವಾಗಿ ತೇಲುತ್ತ, ಹತ್ತಡಿಯ ಜೋಳವನ್ನೂ ದಾಟಿ, ಮೂಲೆಯ ನೀರಿನ ಟ್ಯಾಂಕಿನ ಹಿಂದೆ ಹೋಗಿ ಬಿತ್ತು.

“ಅಯ್ಯೋ ದಾನಮ್ಮಾವರ! ಅಲ್ಲಿ ಫಿಲ್ಟರ್ ಅದ! ಅನ್ನ ಹೊಕ್ಕರ ಪಂಪ್ ಕೆಡ್ತದ!” ಬಾಯಾರು ಕೂಗಿದರು.

ನೆಲದಿಂದ ಚಾವಣಿಯವರೆಗಿನ ಉಕ್ಕಿನ ಟ್ಯಾಂಕು ಅದು. ಅದರ ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ಹನ್ನೊಂದು ಗಿಡ ಇದ್ದವು. ಮುಂದಿನ ಗಿಡಗಳ ಎಲೆಯಲ್ಲಿ ಮುಚ್ಚಿಹೋಗಿದ್ದವು, ಗಿಡ್ಡ ಬೇರೆ. “ಆ ಮೂಲಿ ಹೋತು ಬಿಡು” ಎಂದು ದಾನಕ್ಕ ತಿಂಗಳ ಹಿಂದೆಯೇ ಕೈಬಿಟ್ಟಿದ್ದಳು. ಈಗ ಗೊಣಗುತ್ತ ಸೀರೆ ಎತ್ತಿಕಟ್ಟಿ ಸಂದಿಯೊಳಗೆ ನುಸುಳಿದಳು.

“ಅಕ್ಕಾ? ಸಿಕ್ಕೊಂಡೇನು?”

“ತಮ್ಮಾ…” ಧ್ವನಿ ಬೇರೆಯಾಗಿತ್ತು. “ನೀ ಒಬ್ಬನ ಬಾ.”

ಹನ್ನೊಂದು ಗಿಡ. ಹನ್ನೊಂದಕ್ಕೂ ತೆನೆ. ಹಾಲು ತುಂಬತೊಡಗಿದ ಹಸಿರು ಕಾಳು, ದಾನಕ್ಕನ ಅಂಗೈಯಲ್ಲಿ ತಲೆ ಇಟ್ಟಂತೆ ಒರಗಿತ್ತು ಒಂದು.

ಸಂತೋಷಕ್ಕಿಂತ ಮೊದಲು ನನಗೆ ಸಿಟ್ಟು ಬಂತು. ಅದೇ ಮಣ್ಣು, ಅದೇ ನೀರು, ನನ್ನ ಬೆಳಕು ಇಲ್ಲಿ ಉಳಿದ ಕಡೆಗಿಂತ ಕಡಿಮೆಯೇ. ಇವಕ್ಕೇಕೆ, ಅವಕ್ಕೇಕಿಲ್ಲ? ಗಿಡಗಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತೆ. ಗಿಡಕ್ಕೆ ಏನು ಕಾಣುತ್ತದೆ ಎಂದು ನೋಡಬೇಕಿತ್ತು. ಒಂದು ಕಡೆ ಗೋಡೆ. ಇನ್ನೊಂದು ಕಡೆ ಟ್ಯಾಂಕು. ಎಲೆಗಳ ನಡುವೆ ಚಾವಣಿ. ಏನೋ ಒಂದು ಕಾಣುತ್ತಿರಲಿಲ್ಲ. ಹೊಲದ ಎಲ್ಲಿ ನಿಂತರೂ ಕಣ್ಣಿಗೆ ಬೀಳುವ ಒಂದು.

“ಅಕ್ಕಾ,” ಎಂದೆ. “ಇಲ್ಲಿಂದ ನಿನ್ನ ದೀಪ ಕಾಣೂದಿಲ್ಲ.”

“ಹೌದು. ಪಾಪ, ದೀಪ ಕಾಣಲಾರದನ…” ಅವಳು ಅಲ್ಲಿಗೆ ನಿಲ್ಲಿಸಿದಳು. ನನ್ನ ಮುಖ ನೋಡಿದಳು. “ಏನ್ ಹೇಳ್ತೀಯೋ ನೀನು? ನನ್ನ ಪಾಂಡವ್ರ ದೀಪಕ್ಕ ಕಳ್ಳತನ ಹೊರಸ್ತೀಯೇನು?”

“ದೀಪ ನಿಂದಲ್ಲಕ್ಕ, ನಂದು. ನಾ ಕಟ್ಟಿದ್ದು.”

ಹೊರಗೆ ಬಂದು ಬಾಯಾರಿಗೆ ಹೇಳಿದಾಗ ಅವರು ಹಣೆ ಬಡಿದುಕೊಂಡರು. ಅವರು ನೀರು, ಗಾಳಿಯ ಶಾಸ್ತ್ರ ಓದಿದವರು. ಎಂದೋ ಓದಿದ್ದು ಈಗ ನೆನಪಾಯಿತಂತೆ. “ಈ ಜೋಳ ಹಗಲನ್ನ ಅಳಿಯೋದಿಲ್ಲ ದಸ್ತಗೀರ್, ಕತ್ತಲನ್ನ ಅಳೀತದ. ಕತ್ತಲು ಉದ್ದ ಆತು ಅಂದ್ರ ಭೂಮಿ ವಾಲೇದ, ಚಳಿಗಾಲ ಬಂತು, ತೆನಿ ಹಾಕು ಅಂತ ತಿಳೀತದ. ನಡುವ ಒಂದು ಚೂರು ಬೆಳಕು ಬಿದ್ದರೂ ಆ ರಾತ್ರಿ ಮುರೀತು. ಅದರಾಗೂ ಕೆಂಪು ಬೆಳಕು.”

ಅಂದರೆ ಹಗಲನ್ನು ಮೂವತ್ತೇಳು ಸೆಕೆಂಡುಗಳಂತೆ ನಾನೇ ಕತ್ತರಿಸಿ, ಮದುವೆ ಮನೆಯ ಸರದಿಂದ ರಾತ್ರಿಯನ್ನು ನಾನೇ ಮುರಿದಿದ್ದೆ. ಎಪ್ಪತ್ತೈದು ದಿನ ಜೋಳಕ್ಕೆ ಸಂಜೆಯ ಆಸೆ ತೋರಿಸಿ ಮಲಗಲು ಬಿಟ್ಟಿರಲಿಲ್ಲ.

“ಆರಸ್ರಿ ಮತ್ತ ಅದನ್ನ,” ಎಂದರು ಬಾಯಾರು.

ದಾನಕ್ಕ ದೀಪದ ಮುಂದೆ ಹೋಗಿ ನಿಂತಳು. ಬೇಡಿಕೊಂಡ ದೀಪ, ಸುಗ್ಗಿಯ ತನಕ ಆರಬಾರದು. ಆರದಿದ್ದರೆ ಸುಗ್ಗಿಯೇ ಇಲ್ಲ. ಆಸನ ಹದಿನೇಳು. ಅವಳ ತುಟಿ ಅಲ್ಲಾಡುತ್ತಿತ್ತು. ಪಾಂಡವರನ್ನು ಬೈಯುತ್ತಿದ್ದಳೋ ಬೇಡುತ್ತಿದ್ದಳೋ ನನಗೆ ತಿಳಿಯಲಿಲ್ಲ. ಶಿವಲೀಲಾ ಸೊಂಟಕ್ಕೆ ಕೈಕೊಟ್ಟು ಬಂದು ಪಕ್ಕದಲ್ಲಿ ನಿಂತಳು.

“ಯವ್ವಾ, ಆರಬಾರದು ಅಂತ ಬೇಡಿಕೊಂಡಿ. ಇಲ್ಲೇ ಇರಬೇಕು ಅಂತ ಬೇಡಿಕೊಂಡಿಲ್ಲಲ್ಲ?”

ದಾನಕ್ಕ ಮಗಳನ್ನು ನೋಡಿದಳು. ಆಮೇಲೆ ಕೋಲು ಕಿತ್ತು, ಸೆರಗು ಹೊದಿಸಿ, ಉರಿಯುವ ದೀಪವನ್ನು ಹಾಗೇ ಎತ್ತಿಕೊಂಡು ಮನೆಗೆ ನಡೆದಳು. ನೂರು ಜನ ದಾರಿ ಬಿಟ್ಟರು. ಐದು ಕಲ್ಲುಗಳು ಮಡಿಯಲ್ಲೇ ಉಳಿದವು. ಅಂದಿನ ಕತ್ತಲು ಹೊಲಕ್ಕೆ ಮೊದಲ ಕತ್ತಲು.

ನೌಕೆಗೆ ಇಪ್ಪತ್ತಾರು ದಿನ ಉಳಿದಿತ್ತು.

ಆ ಇಪ್ಪತ್ತಾರು ದಿನ ನಾನು ಮಾಡಿದ ಮುಖ್ಯ ಕೆಲಸವೆಂದರೆ ದಾನಕ್ಕನನ್ನು ಕತ್ತಲ ಹೊತ್ತಿನಲ್ಲಿ ಹೊಲಕ್ಕೆ ಬಿಡದೆ ಇದ್ದದ್ದು. ಟಾರ್ಚು ಹಿಡಿದು ಬಾಗಿಲಿಗೆ ಬರುತ್ತಿದ್ದಳು. “ಒಂದ ಸಲ ಮುಟ್ಟಿ ನೋಡಿ ಬರ್ತೀನೋ.” “ಮಲಗಿದವ್ರನ್ನ ಎಬ್ಬಿಸಿ ನಿದ್ದಿ ಬಂತೇನಂತ ಕೇಳ್ತೀಯೇನಕ್ಕ? ಹೋಗು.” ಬೈದು ಹೋಗುತ್ತಿದ್ದಳು. ಸಂದಿಯ ಹನ್ನೊಂದು ತೆನೆಗಳಲ್ಲಿ ಹತ್ತನ್ನು ಬೀಜಕ್ಕೆ ಬಿಟ್ಟಳು. ಒಂದನ್ನು ವಿದ್ಯುತ್ ಒಲೆಯ ಸುರುಳಿಯ ಮೇಲೆ ಸುಟ್ಟು, ಅಂಗೈಯಲ್ಲಿ ಉಜ್ಜಿ ಮಗಳ ಬಾಯಿಗೆ ಹಾಕಿದಳು. ಹೊಟ್ಟು ಕೋಣೆಯ ತುಂಬ ತೇಲಾಡಿತು.

ಸಂಕ್ರಮಣದ ದಿನ ಮಧ್ಯಾಹ್ನ ಬಾಯಾರು ಪಟ್ಟಿ ಹಿಡಿದುಕೊಂಡು ಮಡಿಗೆ ಬಂದರು. ಗಿಡಗಳ ತುದಿಗೆ ಅಗಲವಾದ ಕೊನೆಯ ಎಲೆ ಬಂದಿತ್ತು, ಅದರ ಬುಡ ಬಿಗಿಯಾಗಿ ಸುತ್ತಿಕೊಂಡಿತ್ತು. ತೆನೆ ಹೊರಗಿರಲಿಲ್ಲ.

“ದಾನಮ್ಮಾವರ, ‘ತೆನೆ ಕಂಡಿರಬೇಕು’ ಅಂತ ನಿಯಮ ಅದ. ಹನ್ನೊಂದು ಗಿಡ ಬೆಳಿ ಅಲ್ಲ. ನನಗೂ ಸಂಕಟ ಆಗ್ತದ. ಆದ್ರ ನಾ ಏನಂತ ಬರೀಲಿ?”

“ಕೈ ಕೊಡ್ರಿ.”

“ಯಾಕ?”

“ಕೊಡ್ರೆವ್ವಾ.” ದಾನಕ್ಕ ಅವರ ಕೈ ಹಿಡಿದು ದಂಟಿನ ತುದಿಯ ಸುತ್ತೆಲೆಯ ಮೇಲೆ ಇಟ್ಟಳು. “ಹಿಚುಕಬ್ಯಾಡ್ರಿ. ಸುಮ್ಮ ಹಿಡೀರಿ. ಹೊಟ್ಟಿ ಬಂದದಿಲ್ಲೋ?”

ಬಾಯಾರ ಬೆರಳು ಅಲ್ಲೇ ನಿಂತಿತು. ನಾನೂ ಪಕ್ಕದ ಗಿಡ ಮುಟ್ಟಿದೆ. ಎಲೆಯೊಳಗೆ ದಪ್ಪಗೆ, ದುಂಡಗೆ, ಏನೋ ಮಲಗಿತ್ತು. ಅದರ ಪಕ್ಕದ್ದರಲ್ಲೂ. ಅದರಾಚೆಯದರಲ್ಲೂ.

“ಆದ್ರೂ ಕಣ್ಣಿಗೆ ಕಂಡಿಲ್ಲಲ್ರಿ…”

“ಆ ಪಟ್ಟಿ ತಗೀರಿ,” ಎಂದಳು ದಾನಕ್ಕ. ಧ್ವನಿ ಏರಿರಲಿಲ್ಲ. “ನನ್ನ ಮಗಳ ಹೆಸರಿನ ಕೆಳಗ ಏನ್ ಬರದೀರಿ ಓದ್ರಿ.”

ಬಾಯಾರು ಓದಲಿಲ್ಲ. ಅವರಿಗೆ ಗೊತ್ತಿತ್ತು, ನಮ್ಮೆಲ್ಲರಿಗೂ ಗೊತ್ತಿತ್ತು. ಶಿವಲೀಲಾಳ ಹೆಸರಿನ ಕೆಳಗೆ ಅಕ್ಟೋಬರಿನಿಂದಲೇ ಇನ್ನೊಂದು ಸಾಲಿತ್ತು: ಕೂಸು, ಒಂದು.

“ಅದಕ್ಕ ಗಾಳಿ ಇಟ್ಟೀರಿ. ಕಣ್ಣಿಗೆ ಕಂಡಿತ್ತೇನ್ರಿ?”

ಮೃಣಾಲಿನಿ ಬಾಯಾರು ಇನ್ನೊಂದು ಗಿಡ ಹಿಡಿದು ನೋಡಿದರು. ಮತ್ತೊಂದು. ಹೀಗೆ ಮಡಿಯ ಆ ತುದಿಯವರೆಗೆ ಒಂದೊಂದೇ ದಂಟು ಮುಟ್ಟುತ್ತ ಹೋಗಿ, ಈ ತುದಿಗೆ ವಾಪಸ್ ಬರುವಷ್ಟರಲ್ಲಿ ಐದೂಮುಕ್ಕಾಲಾಗಿತ್ತು. ನಾನು ಕಟ್ಟಿದ ಸಂಜೆ ಇಳಿಯತೊಡಗಿತ್ತು. ಅವರು ಪೆನ್ನು ತೆಗೆದು, ‘ತೆನೆ’ ಎಂಬಲ್ಲಿ ‘ಒಳಗಿದೆ’ ಎಂದು ಬರೆದು ಸಹಿ ಹಾಕಿದರು.

“ಲಗೂ ಹೊರಗ ನಡೀರಿ ಎಲ್ಲರೂ,” ಎಂದರು ಕಣ್ಣೊರೆಸಿಕೊಂಡು. “ಅವಕ್ಕ ಕತ್ತಲ ಬೇಕು.”

ಮರುದಿನ ನೌಕೆ ಹೋಯಿತು. ಹದಿನೇಳನೆಯ ಆಸನ ಖಾಲಿಯಿತ್ತು. ಆರು ದಿನಕ್ಕೆ ಮೊದಲ ತೆನೆ ಸುತ್ತೆಲೆ ಒಡೆದು ಹೊರಬಂತು. ವಾರದಲ್ಲಿ ಮಡಿಗೆ ಮಡಿಯೇ. ಹಗೇವಿನ ಜನ ದಿನವೂ ಬಂದು ನೋಡಿ ಹೋಗುತ್ತಿದ್ದರು, ಮದುವೆ ಮನೆಗೆ ಬಂದವರಂತೆ. ನಾನು ಡಿಸೆಂಬರಿನ ಕೊನೆಯಿಂದಲೇ ತಿರುಗುದಾರಿ ಹಿಡಿದಿದ್ದೆ. ಕದ್ದ ಹಗಲನ್ನು ದಿನಕ್ಕಿಷ್ಟು ಹಿಂದಿರುಗಿಸುತ್ತಿದ್ದೆ.

ಫೆಬ್ರವರಿಯ ಕೊನೆಗೆ ಶಿವಲೀಲಾ ಹೆಣ್ಣು ಹೆತ್ತಳು. ಮಾರ್ಚಿಗೆ ಜೋಳದ ರಾಶಿಯಾಯಿತು. ರಾಶಿಯಾದ ಸಂಜೆ ಬಾಣಂತಿ ಕೋಣೆಗೆ ಹೋದೆ. ಕೂಸು ಕಣ್ಣು ಪಿಳಿಪಿಳಿ ಬಿಡುತ್ತಿತ್ತು, ದಾನಕ್ಕ ಕಾಲು ಚಾಚಿ ಅದನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಗೋಡೆಯಲ್ಲಿ ನನ್ನ ಇಪ್ಪತ್ತೊಂದು ಬಲ್ಬಿನ ಗೊಂಚಲು ಕೆಂಪಗೆ ಉರಿಯುತ್ತಿತ್ತು.

“ಸುಗ್ಗಿ ಆತಲ್ಲಕ್ಕಾ. ಇನ್ನ ದೀಪ ಶಾಂತ ಮಾಡೂಣೇನು?”

“ಇದಕ್ಕಿನ್ನಾ ಹಗಲು ಯಾವುದು, ರಾತ್ರಿ ಯಾವುದು ತಿಳಿಯೂದಿಲ್ಲ,” ಎಂದಳು ದಾನಕ್ಕ, ಕೂಸಿನ ಹಣೆ ಸವರುತ್ತ. “ತಿಳಿಯೂತನಾ ಉರೀಲಿ. ನೀ ಹೋಗು. ನಾಳಿನ ಹಗಲು ಉದ್ದ ಮಾಡೂದದ ನಿನಗ.”